ತಣ್ಣೀರಿನ ಹೊತ್ತಿಗೆ ಏಳುವ ಗೋಲಿ ಅಕ್ಕ

ಬೆಳಗಿನ ನಾಲ್ಕೂವರೆ. ಸೋಡಾ ಕಾರ್ಖಾನೆಯ ತಗಡಿನ ಮಾಡಿನ ಉದ್ದನೆಯ ಕೋಣೆಯಲ್ಲಿ ಒಂದೇ ದೀಪ. ಗೋಲಿ ಅಕ್ಕ ಕಲ್ಲಿನ ತೊಟ್ಟಿಯೊಳಗೆ ಮೊಣಕೈವರೆಗೂ ಕೈ ಇಳಿಬಿಟ್ಟು ನಿಂತಿದ್ದಾರೆ. ನೀರಿನ ತಣ್ಪಿಗೆ ಬೆರಳು ಜುಮ್ಮೆನ್ನಬೇಕು. ಆಮೇಲೆಯೇ ಶುಂಠಿ ಪಾಕ ಹಾಕಿಟ್ಟ ಸೀಸೆಗಳಿಗೆ ಆ ನೀರು. ನಾಲ್ಕು ಸೀಸೆಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಮುಖಕ್ಕೆ ತಂತಿಬಲೆಯ ಮುಸುಕು ಎಳೆದುಕೊಂಡು, ಗ್ಯಾಸ್ ಬಿಟ್ಟು ಹಿಡಿ ತಿರುಗಿಸುತ್ತಾರೆ. ಸೀಸೆ ತಲೆಕೆಳಗಾದಾಗ ಒಳಗಿನ ಗೋಲಿ ಜಾರಿ ಕತ್ತಿನ ರಬ್ಬರ್ ಬಳೆಗೆ ಕೂರುತ್ತದೆ. ಒಳಗಿನ ಒತ್ತಡವೇ ಅದಕ್ಕೆ ಬೀಗ.

"ಬೇಗ ಮುಗಿಸಿ ಅತ್ತಿಗೆ, ಹತ್ತು ಗಂಟೆಗೆ ಸಣ್ಣ ಯಜಮಾನರ ಸರ್ಕಸ್ ಇದೆ" ಎನ್ನುತ್ತಾರೆ ಸೀಸೆ ತೊಳೆಯುವ ಮೈದುನ.

"ಸರ್ಕಸ್ಸಾದ್ರೆ ಜೋಕರ್ ನೋಡಿ ನಗಬಹುದು. ಇದು ಬರೀ ತಲೆನೋವು."

ತಲೆನೋವು ಇಷ್ಟೇ. ಹೋದ ವರ್ಷ ಅಧಿಕಾರ ವಹಿಸಿಕೊಂಡ ಸಣ್ಣ ಯಜಮಾನರಿಗೆ ಕತ್ತಲಲ್ಲಿ ಗೇಟು ತೆಗೆಸುವುದು ಹಳೇ ಕಾಲದ ಹುಚ್ಚು ಎನಿಸಿದೆ. ಸೋಮವಾರದಿಂದ ಹತ್ತು ಗಂಟೆಗೆ ಸೋಡಾ ತುಂಬಿಸಬೇಕಂತೆ. ಇವತ್ತು ಪರೀಕ್ಷೆ: ನಸುಕಿನ ಸೋಡಾ, ಹತ್ತು ಗಂಟೆಯ ಸೋಡಾ ಎರಡನ್ನೂ ಇಲ್ಲಿಂದ ಸೋಡಾ ಕೊಳ್ಳುವ ಅಂಗಡಿಯವರೊಬ್ಬರು ಕುಡಿದು ಯಾವುದು ಮೇಲೆಂದು ಹೇಳುತ್ತಾರೆ.

"ತಣ್ಣೀರು ಗ್ಯಾಸ್ ನುಂಗುತ್ತೆ, ಬೆಚ್ಚಗಿನ ನೀರು ಉಗುಳುತ್ತೆ. ಎಷ್ಟು ಸಲ ಹೇಳ್ಲಿ? ಗೋಡೆಗೆ ಹೇಳಿದ್ರೆ ಗೋಡೆನಾದ್ರೂ ಹೂಂ ಅಂತಿತ್ತು" ಎನ್ನುತ್ತಾರೆ ಅಕ್ಕ.

ಈ ಶುಂಠಿ ಸೋಡಾಕ್ಕೆ ಅರವತ್ತು ವರ್ಷ. ಯಜಮಾನರ ತಾತ ಮೊದಲು ಇದನ್ನು ಅಜೀರ್ಣದ ಔಷಧಿ ಎಂದು ಮಾರುತ್ತಿದ್ದರು. ಘಾಟು ತಾಳದೆ ರೋಗಿಗಳು ಮುಖ ಸಿಂಡರಿಸಿದರು. ಸಕ್ಕರೆ ಸೇರಿಸಿದ್ದೇ ತಡ, ಗಟ್ಟಿಮುಟ್ಟಾದವರೂ ಹೊಟ್ಟೆ ಹಿಡಿದುಕೊಂಡು ಬರತೊಡಗಿದರು. ಆಮೇಲೆ ಬಸ್ ನಿಲ್ದಾಣ, ಸಿನಿಮಾ ಮಂದಿರ, ಮದುವೆಮನೆ ಎಲ್ಲೆಲ್ಲೂ ಇದೇ. ದೊಡ್ಡ ಜಾಹೀರಾತಿನ ಬಣ್ಣದ ಸೀಸೆಗಳು ಬಂದಾಗ ಊರಿನ ಇನ್ನೆರಡು ಸೋಡಾ ಮನೆಗಳು ಬಾಗಿಲು ಹಾಕಿದವು, ಇದು ಉಳಿಯಿತು. ತಾತನ ಫೋಟೊ ಕೆಳಗೆ 'ಗುಟ್ಟಿನ ರುಚಿ' ಎಂದು ಬರೆಸಿದ್ದಾರೆ.

"ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ರಾತ್ರಿಯೆಲ್ಲ ಕಲ್ಲುತೊಟ್ಟಿಯಲ್ಲಿ ತಣಿದ ನೀರು. ನಮ್ಮತ್ತೆ ಹೇಳಿಕೊಟ್ಟಿದ್ದು ಅದೊಂದೇ."

ಅತ್ತೆಯ ನಂತರ ಇಪ್ಪತ್ತೇಳು ವರ್ಷದಿಂದ ಯಂತ್ರದ ಹಿಡಿ ಗೋಲಿ ಅಕ್ಕನ ಕೈಯಲ್ಲಿದೆ. ದಿನಕ್ಕೆ ಇಪ್ಪತ್ತು ಪೆಟ್ಟಿಗೆ, ಅಂದರೆ ನಾನೂರ ಎಂಬತ್ತು ಸೀಸೆ. ಮೂರೋ ನಾಲ್ಕೋ ಸಿಡಿಯುತ್ತವೆ. ಮೊದಲ ವರ್ಷವೇ ಸಿಡಿದ ಚೂರೊಂದು ಎಡಹುಬ್ಬನ್ನು ಎರಡು ಮಾಡಿತು. ಮುಸುಕು ಬೇಕೆಂದು ಕೇಳಿ ಕೇಳಿ ಸಾಕಾಗಿ, ಕಿಟಕಿಯ ಹಳೇ ಬಲೆ ಕತ್ತರಿಸಿ ತಾವೇ ಹೊಲಿದುಕೊಂಡರು.

ಹತ್ತು ಗಂಟೆ. ಮಾಡು ಕಾದಿದೆ, ತೊಟ್ಟಿಯ ನೀರು ಉಗುರುಬೆಚ್ಚಗಾಗಿದೆ.

"ಗ್ಯಾಸ್ ಇನ್ನಷ್ಟು ಬಿಡಿ, ಸರಿಹೋಗುತ್ತೆ" ಎನ್ನುತ್ತಾರೆ ಯಜಮಾನರು.

"ಸೀಸೆ ಒಡೆಯುತ್ತೆ ಸ್ವಾಮಿ."

"ಒಡೆಯಲ್ಲ, ನಾನು ಓದಿದ್ದೀನಿ."

"ಸೀಸೆ ಓದಿಲ್ಲವಲ್ಲ!"

ನಾಲ್ಕರಲ್ಲಿ ಎರಡು ಸಿಡಿಯುತ್ತವೆ. ಉಳಿದವುಗಳಲ್ಲಿ ಒಂದರ ಗೋಲಿಯನ್ನು ಯಜಮಾನರೇ ಒತ್ತುತ್ತಾರೆ. ಅರ್ಧ ಸೋಡಾ ನೊರೆಯಾಗಿ ಅವರ ಅಂಗಿಯ ಪಾಲು. ಉಳಿದರ್ಧವನ್ನು ಅಂಗಡಿಯವರು ಬಾಯಿಗೆ ಹಾಕಿ, "ಇದೇನ್ರಿ, ಸಕ್ಕರೆ ನೀರು!" ಎನ್ನುತ್ತಾರೆ.

"ಬಾಯಿ ಬಿಟ್ಟಾಗ ಭಾರಿ ಅಬ್ಬರ, ಒಳಗೆ ಸಪ್ಪೆ" ಎಂದು ಮೈದುನ ಗೊಣಗುತ್ತಾರೆ. ಸೋಡಾ ಕುರಿತೋ ಯಜಮಾನರ ಕುರಿತೋ ಯಾರೂ ಕೇಳುವುದಿಲ್ಲ.

ಈಗ ನಸುಕಿನ ಸೀಸೆ. ಅಂಗಡಿಯವರು ಒಂದೇ ಉಸಿರಿಗೆ ಎತ್ತುತ್ತಾರೆ. ಕಣ್ಣಲ್ಲಿ ನೀರು. ಆಮೇಲೆ ಕೋಣೆಯೇ ಅದುರುವಂಥ ತೇಗು. "ನನಗೆ ಇದೇ ಕಳಿಸಿ, ಆ ಇನ್ನೊಂದನ್ನ ನೀವೇ ಇಟ್ಕೊಳ್ಳಿ."

ಯಜಮಾನರು ಅಂಗಿ ಒರೆಸಿಕೊಂಡು ಗಂಟಲು ಸರಿಪಡಿಸಿಕೊಳ್ಳುತ್ತಾರೆ. "ಅದಕ್ಕೇ ನಾನು ಮೊದಲಿಂದ್ಲೂ ಹೇಳೋದು, ನಮ್ಮ ತಾತನ ಪದ್ಧತಿ ಬಿಡಬಾರದು ಅಂತ. ಹಳೇ ಹೊತ್ತೇ ಇರಲಿ."

ಯಜಮಾನರು ಆಚೆ ಹೋದ ಮೇಲೆ ಗೋಲಿ ಅಕ್ಕ ಗಾಜಿನ ಚೂರು ಗುಡಿಸುತ್ತ ಹೇಳುತ್ತಾರೆ:

"ಹೇಳ್ಕೊಳ್ಳಲಿ ಬಿಡಿ, ತಾತನ ಪದ್ಧತಿನೋ ಮೊಮ್ಮಗನ ಬುದ್ಧಿನೋ. ಸೋಮವಾರ ನಾಲ್ಕೂವರೆಗೆ ಗೇಟು ತೆಗೆದ್ರೆ ನನಗೆ ಸಾಕು. ನಸುಕಲ್ಲಿ ನಾನು ತುಂಬಿದ ಸೋಡಾನ ಇವತ್ತಿನವರೆಗೂ ಯಾರೂ ಅರ್ಧ ಬಿಟ್ಟು ಎದ್ದಿಲ್ಲ."