ಉಪದೇಶಿಗಳು ಹುಡುಕಿ ತಂದ ಅಯ್ಯನವರು

ಹೋದ ವಾರ ಮೊಮ್ಮಗಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಸೊಸೆ ಕುದಿಯುವ ನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಟ್ಟು, ಮಗುವಿನ ತಲೆಯ ಮೇಲೆ ಟವೆಲ್ ಹೊದಿಸಿ ಆವಿ ಹಿಡಿಸುತ್ತಿದ್ದಳು. ವಾಸನೆ ಅಡುಗೆಮನೆ ದಾಟಿ ನಡುಮನೆಗೂ ಬಂತು. ಓದುತ್ತಿದ್ದ ಪೇಪರು ಮಡಿಚಿಟ್ಟು ಸುಮ್ಮನೆ ಕೂತೆ. ಆ ವಾಸನೆ ಬಂದರೆ ನನಗೆ ಇಂದಿಗೂ ಭಾನುವಾರ ಬೆಳಿಗ್ಗೆ ಅನಿಸುತ್ತದೆ. ನಮ್ಮ ಉಪದೇಶಿಗಳು ಗಂಟಲು ಕೈಕೊಡಬಾರದೆಂದು ಪ್ರತಿ ಭಾನುವಾರವೂ ಕತ್ತಿಗೆ, ಎದೆಗೆ ಧಾರಾಳವಾಗಿ ಅದನ್ನು ಹಚ್ಚಿಕೊಂಡು ಚರ್ಚಿಗೆ ಬರುತ್ತಿದ್ದರು. ಮುಂದಿನ ಸಾಲಿನವರಿಗೆ ಪ್ರಾರ್ಥನೆ ಶುರುವಾಗುವ ಮೊದಲೇ ಕಣ್ಣಲ್ಲಿ ನೀರು.

ನಂಜನಗೂಡಿನಲ್ಲೊಂದು, ನರಸೀಪುರದಲ್ಲೊಂದು, ಬಿಳಿಗೆರೆ ಕಡೆ ಒಂದು ಹಳ್ಳಿಯಲ್ಲಿ, ಕವಲಂದೆ ಕಡೆ ಒಂದು ಹಳ್ಳಿಯಲ್ಲಿ, ಹೀಗೆ ಹಿಂದಿನ ಕಾಲದ ಆಂಗ್ಲಿಕನ್ ಪಾದ್ರಿಗಳು ಕಟ್ಟಿಸಿಹೋದ ನಾಲ್ಕು ಸಣ್ಣ ಚರ್ಚುಗಳು ನಮ್ಮವು. ನಾಲ್ಕಕ್ಕೂ ಸೇರಿ ಒಬ್ಬರು ಪಾದ್ರಿ. ಅವರನ್ನು ನಾವು ಅಯ್ಯನವರು ಅನ್ನುತ್ತೇವೆ. ಅವರ ಕೈಕೆಳಗೆ ಒಬ್ಬರು ಉಪದೇಶಿ. ಉಪದೇಶಿಯಾದವರು ಪ್ರಾರ್ಥನೆ ನಡೆಸಬಹುದು, ಕೀರ್ತನೆ ಹಾಡಿಸಬಹುದು, ಕಾಯಿಲೆಯವರನ್ನು ನೋಡಿ ಬರಬಹುದು. ಆದರೆ ಮದುವೆ ಮಾಡಿಸುವಂತಿಲ್ಲ, ಮಗುವಿಗೆ ದೀಕ್ಷಾಸ್ನಾನ ಕೊಡುವಂತಿಲ್ಲ, ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ಪ್ರಭುಭೋಜನದ ರೊಟ್ಟಿ ಮುರಿಯುವಂತಿಲ್ಲ. ಅದಕ್ಕೆಲ್ಲ ಗುರುದೀಕ್ಷೆ ಪಡೆದ ಪಾದ್ರಿಯೇ ಆಗಬೇಕು.

ನಾನು ಆಗ ನರಸೀಪುರದ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರ್. ಒಂದು ಚರ್ಚಿನ ಜನಕ್ಕೆ ನಾವು ಸಭೆ ಅನ್ನುತ್ತೇವೆ. ಕೈಬರಹ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಾಲ್ಕು ಸಭೆಗಳ ಕಮಿಟಿಗೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಆ ವರ್ಷ ಈಸ್ಟರ್ ಮುಗಿಸಿ ನಮ್ಮ ಅಯ್ಯನವರು ನಿವೃತ್ತರಾಗಿ ಮಗಳ ಊರಿಗೆ ಹೊರಟುಹೋದರು. ಹೊಸಬರು ಒಂದೆರಡು ತಿಂಗಳಲ್ಲಿ ಬರುತ್ತಾರೆ ಅಂದುಕೊಂಡೆವು. ನಾನು ದುಂಡಗೆ ಬರೆದ ಕಾಗದಗಳಿಗೆಲ್ಲ ಬಿಷಪ್ ಆಫೀಸಿನಿಂದ ಒಂದೇ ಉತ್ತರ ಬರುತ್ತಿತ್ತು. ಪಾದ್ರಿಗಳು ಕಮ್ಮಿ ಇದ್ದಾರೆ, ನಿಮ್ಮಲ್ಲಿಗೆ ಬರಲು ಒಪ್ಪುವವರು ಸಿಕ್ಕರೆ ಕಳಿಸುತ್ತೇವೆ, ವರ್ಷದೊಳಗೆ ಯಾರೂ ಸಿಗದಿದ್ದರೆ ಹಳ್ಳಿಯ ಎರಡು ಚರ್ಚುಗಳನ್ನು ಮುಚ್ಚಿ ಉಳಿದೆರಡನ್ನು ಮೈಸೂರಿನ ಸಭೆಗೆ ಸೇರಿಸಬೇಕಾಗುತ್ತದೆ.

ಆ ವರ್ಷವನ್ನು ಉಪದೇಶಿಗಳು ಒಬ್ಬರೇ ಎಳೆದರು. ಅರವತ್ತು ದಾಟಿದ್ದ ಮನುಷ್ಯ. ಬಿಳಿ ಪಂಚೆ, ಬಿಳಿ ಜುಬ್ಬ, ಕಾಲಿಗೆ ಟೈರಿನ ಚಪ್ಪಲಿ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮೊಪೆಡ್ಡಿನ ಮುಂದೆ ಕೀರ್ತನೆ ಪುಸ್ತಕದ ಚೀಲ ಇಟ್ಟುಕೊಂಡು, ಬೆಳಿಗ್ಗೆ ಏಳಕ್ಕೆ ಕವಲಂದೆ ಕಡೆ, ಒಂಬತ್ತೂವರೆಗೆ ನಂಜನಗೂಡು, ಮಧ್ಯಾಹ್ನ ಬಿಳಿಗೆರೆ ಕಡೆ, ಸಾಯಂಕಾಲ ನರಸೀಪುರ. ನಾಲ್ಕನೆಯ ಚರ್ಚಿಗೆ ಬರುವ ಹೊತ್ತಿಗೆ ದಾರಿಯ ಧೂಳಿಗೆ ಜುಬ್ಬ ಕೆಂಪಗಾಗಿರುತ್ತಿತ್ತು, ಗಂಟಲು ಒಡೆದಿರುತ್ತಿತ್ತು. ನಾವು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಅವರು ಇರುವುದೇ ಅದಕ್ಕೆ ಅನ್ನುವ ಹಾಗಿದ್ದೆವು.

ಅವರಿಂದ ಆಗದ ಕೆಲಸಗಳು ಮಾತ್ರ ಹಾಗೇ ನಿಂತವು. ನಂಜನಗೂಡಿನ ಒಂದು ಮದುವೆ ಎರಡು ಸಲ ಮುಂದಕ್ಕೆ ಹೋಯಿತು. ಬಿಳಿಗೆರೆ ಕಡೆಯ ಒಂದು ಮಗುವಿಗೆ ಹಲ್ಲು ಬಂದು, ಎದ್ದು ನಿಲ್ಲುವುದನ್ನು ಕಲಿತರೂ ದೀಕ್ಷಾಸ್ನಾನವಾಗಿರಲಿಲ್ಲ. ಉಪದೇಶಿಗಳದೇ ಊರಾದ ಕವಲಂದೆ ಕಡೆಯ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿ, ರೊಟ್ಟಿ ದ್ರಾಕ್ಷಾರಸ ತಗೊಳ್ಳದೆ ಹೋಗಿಬಿಡುತ್ತೇನೇನೋ ಎಂದು ಉಪದೇಶಿಗಳನ್ನು ಕಂಡಾಗಲೆಲ್ಲ ಕೇಳುತ್ತಿದ್ದಳಂತೆ.

ಮಳೆಗಾಲ ಕಳೆದ ಮೇಲೆ ಒಬ್ಬರು ಪಾದ್ರಿ ನಮ್ಮನ್ನು ನೋಡಲು ಬಂದರು. ಹೆಂಡತಿ ಮಕ್ಕಳೊಂದಿಗೆ ಕಾರಿನಲ್ಲಿ ಬಂದಿಳಿದು, ನಂಜನಗೂಡಿನಲ್ಲಿ ಆರಾಧನೆಯ ನಡುವಿನ ಬೋಧನೆಯನ್ನು, ನಾವು ಪ್ರಸಂಗ ಅನ್ನುವುದನ್ನು, ಬಹಳ ಚೆನ್ನಾಗಿ ಮಾಡಿದರು. ಅಂಥ ಪ್ರಸಂಗ ಕೇಳಿ ಎಷ್ಟೋ ಕಾಲವಾಗಿತ್ತು. ಒಂದು ಗೊನೆ ರಸಬಾಳೆ ಕೊಟ್ಟು, ಅಯ್ಯನವರ ಮನೆಯನ್ನೂ ತೋರಿಸಿದೆವು. ಹೆಂಚು ಒಡೆದು ಗೋಡೆ ನೆನೆದಿದ್ದ ಕಡೆ ನಾವೇ ಅಡ್ಡ ನಿಂತು ಮಾತಾಡಿಸಿದೆವು. ಅವರ ಹೆಂಡತಿ ಮಕ್ಕಳ ಶಾಲೆಯ ಬಗ್ಗೆ ಕೇಳಿದರು. ಉಪದೇಶಿಗಳು ಹಳ್ಳಿಯ ಸಭೆಗಳನ್ನೂ ತೋರಿಸುತ್ತೇನೆ ಎಂದಾಗ ಪಾದ್ರಿ ಗಡಿಯಾರ ನೋಡಿಕೊಂಡರು. ಹದಿನೈದು ದಿನಕ್ಕೆ ಕಾಗದ ಬಂತು. ಮಕ್ಕಳ ಓದಿನ ಕಾರಣ ಒಪ್ಪಿಕೊಳ್ಳಲಾಗುತ್ತಿಲ್ಲ, ಕ್ಷಮಿಸಿ, ಎಂದು ಮರ್ಯಾದೆಯಾಗಿಯೇ ಬರೆದಿದ್ದರು. ನಾವು ತಿಂಗಳುಗಟ್ಟಲೆ ಅವರ ಪ್ರಸಂಗವನ್ನೇ ಮಾತಾಡಿಕೊಂಡೆವು…

ಕ್ರಿಸ್‌ಮಸ್ ಪ್ರಭುಭೋಜನವಿಲ್ಲದೆ ಹೋಯಿತು. ಜನವರಿಯ ಕಮಿಟಿಯಲ್ಲಿ, ಎಂದೂ ಮಾತಾಡದ ಉಪದೇಶಿಗಳು ಎದ್ದು, ತಮಗೆ ಗೊತ್ತಿರುವ ಒಬ್ಬರು ಅಯ್ಯನವರಿದ್ದಾರೆ, ಕರೆಸಿ ನೋಡೋಣ ಎಂದರು. ನಲವತ್ತರ ಆಸುಪಾಸು, ಒಂಟಿ ಜೀವ, ಬಿಷಪ್ ಆಫೀಸಿನಲ್ಲಿ ರಿಜಿಸ್ಟರು ನೋಡಿಕೊಂಡಿದ್ದಾರೆ, ಇಲ್ಲಿಯತನಕ ಯಾವ ಸಭೆಯನ್ನೂ ಕೊಟ್ಟಿಲ್ಲ. ಯಾಕೆ ಕೊಟ್ಟಿಲ್ಲ ಎಂದು ನಾನು ಕೇಳಿದೆ. ಮಾತು ಸ್ವಲ್ಪ ತಡೀತದೆ ಎಂದಷ್ಟೇ ಹೇಳಿ ಕೂತರು.

ಆ ಅಯ್ಯನವರು ಒಂದು ಭಾನುವಾರ ಬಸ್ಸಿನಲ್ಲಿ ಬಂದರು. ಪ್ರಾರ್ಥನಾಕ್ರಮ ಶುರುವಾಯಿತು. ರಾಗವಾಗಿ ಹೇಳುವ ಪ್ರಾರ್ಥನೆಗಳಲ್ಲಿ ಒಂದಕ್ಷರವೂ ತಡೆಯಲಿಲ್ಲ. ಉಪದೇಶಿಗಳು ಸುಮ್ಮನೆ ಹೆದರಿಸಿದ್ದಾರೆ ಅಂದುಕೊಂಡೆ. ಪ್ರಸಂಗಕ್ಕೆ ನಿಂತವರು ‘ಪ್ರಿಯರೇ’ ಎಂಬ ಮೊದಲ ಮಾತಿನಲ್ಲೇ ನಿಂತುಬಿಟ್ಟರು. ತುಟಿ ಅದುರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹಿಂದೆ ಮಕ್ಕಳು ಕಿಸಕ್ಕೆಂದವು. ನಾನು ಮುಂದಿನ ಸಾಲಿನಲ್ಲಿದ್ದೆ. ತಡೆಯಲಾರದೆ ‘ಪ್ರಿಯರೇ’ ಎಂದು ನಾನೇ ಹೇಳಿಕೊಟ್ಟೆ. ಸಹಾಯ ಮಾಡಿದೆ ಅಂತಲೇ ನನ್ನ ಭಾವನೆ. ಅವರು ನನ್ನ ಕಡೆ ಒಮ್ಮೆ ನೋಡಿ ತಲೆಯಾಡಿಸಿದರು. ಮುಂದಿನ ಮಾತಿನಲ್ಲಿ ಮತ್ತೆ ನಿಂತರು. ಐದಾರು ವಾಕ್ಯ ಆಗುವಷ್ಟರಲ್ಲಿ ಬೆವೆತುಹೋಗಿದ್ದರು. ಕಾಗದ ಮಡಿಚಿ, ಆಶೀರ್ವಾದ ಹೇಳಿ ಮುಗಿಸಿದರು.

ಅವರನ್ನು ಬಸ್ಸು ಹತ್ತಿಸಿ ಬಂದು ಕಮಿಟಿ ಕೂತೆವು. ನಮ್ಮ ಹಿರಿಯರೊಬ್ಬರು ರೆವಿನ್ಯೂ ಇನ್ಸ್‌ಪೆಕ್ಟರಾಗಿ ರಿಟೈರಾದವರು. ಪ್ರಸಂಗ ಮಾಡಕ್ಕೆ ಬಾರದ ಅಯ್ಯನವರನ್ನು ಕರೆದುಕೊಂಡು ಏನು ಮಾಡೋದು, ಇರುವ ಜನವೂ ಚರ್ಚು ಬಿಡುತ್ತಾರೆ ಎಂದರು. ಸುತ್ತಲೂ ತಲೆಗಳು ಆಡಿದವು. ನನ್ನದೂ ಆಡಿತು. ಸುಳ್ಳೇಕೆ ಹೇಳಲಿ, ಕಮಿಟಿಯ ನಡಾವಳಿ ಪುಸ್ತಕದಲ್ಲಿ ‘ಸೂಕ್ತರಲ್ಲವೆಂದು ತೀರ್ಮಾನಿಸಲಾಯಿತು’ ಎಂದು ಬರೆಯಲು ಪೆನ್ನು ತೆರೆದಾಗಿತ್ತು.

ಉಪದೇಶಿಗಳು ಬಾಗಿಲ ಹತ್ತಿರದ ಬೆಂಚಿನಿಂದ ಎದ್ದರು.

“ಟೀಚರಮ್ಮ, ಅದ ಒಸಿ ಬರೀಬ್ಯಾಡಿ,” ಎಂದರು. “ನಮ್ಮೂರಜ್ಜಿ ಮನ್ಗಿದ್ದದಲ್ಲ, ಅದಕ್ಕೆ ಪ್ರಭುಭೋಜನ ಆಯ್ತು. ಮೂರು ಸಲ ಆಯ್ತು. ಕೊಟ್ಟೋರು ಇವ್ರೇಯ.”

ಆಮೇಲೆ ಎಲ್ಲ ಬಿಚ್ಚಿ ಹೇಳಿದರು. ಅಕ್ಟೋಬರಿನಲ್ಲಿ ನನ್ನ ಕಾಗದ ಹಿಡಿದುಕೊಂಡು ಬಿಷಪ್ ಆಫೀಸಿಗೆ ಹೋದಾಗ, ಕಾಯುತ್ತ ಕೂತಿದ್ದ ಇವರಿಗೆ ಟೀ ತಂದುಕೊಟ್ಟವರು ಆ ಅಯ್ಯನವರೊಬ್ಬರೇ. ಮಾತಿನ ನಡುವೆ ಅಜ್ಜಿಯ ವಿಷಯ ಬಂತಂತೆ. ಅವರು ರಿಜಿಸ್ಟರು ಮುಚ್ಚಿ, ಮೇಲಿನವರ ಒಪ್ಪಿಗೆ ಕೇಳಿಕೊಂಡು, ಚೀಲ ತಗೊಂಡು ಅದೇ ದಿನ ಇವರ ಜೊತೆ ಬಸ್ಸು ಹತ್ತಿದ್ದರು. ಆಮೇಲೆ ಎರಡು ಸಲ ತಾವಾಗೇ ಬಂದರು. ಊರಿಗೆಲ್ಲ ಹೇಳುವುದು ಬೇಡ ಎಂದಿದ್ದರಿಂದ ಉಪದೇಶಿಗಳು ನಮಗೂ ಹೇಳಿರಲಿಲ್ಲ.

“ಅಜ್ಜಿಗೆ ಕಿವಿ ಕೇಳಲ್ಲ, ಇವ್ರಿಗೆ ಮಾತು ಒರಡಲ್ಲ. ಇಬ್ರೂ ಕೈ ಇಡ್ಕಂಡು ಒಂದು ಗಂಟೆ ಕೂತಿದ್ರು. ನಾ ನಲವತ್ತು ವರ್ಸದಿಂದ ಬಾಯಿ ಬಡ್ಕತಾ ಇವ್ನಿ, ಅಷ್ಟು ಸಮಾಧಾನ ನಾ ಯಾರ್ಗೂ ಕೊಟ್ಟಿಲ್ಲ ಕಣ್ರೀ.”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಹಿರಿಯರು ಮಾತ್ರ, ಅದೆಲ್ಲ ಸರಿ, ಭಾನುವಾರದ ಪ್ರಸಂಗದ ಗತಿ ಏನು ಎಂದರು.

“ಅವ್ರು ಬರ್ಕೊಡ್ಲಿ, ನಾ ನಿಂತ್ಕಂಡು ಓದ್ತೀನಿ ಸಾ. ನಂಗೆ ಬರ್ಯಕ್ಕೆ ಬರಕಿಲ್ಲ, ಅವ್ರಿಗೆ ಬಾಯಲ್ಲಿ ಏಳಕ್ಕೆ ಆಗಕಿಲ್ಲ. ಇಬ್ರೂ ಸೇರಿದ್ರೆ ಒಂದು ಪ್ರಸಂಗ ಆಯ್ತದೆ.”

ಹಿರಿಯರು ನಕ್ಕರು. ಅವರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ಒಂದು ವರ್ಷ ನೋಡೋಣ ಎಂದು ತೀರ್ಮಾನವಾಯಿತು. ಅದನ್ನೇ ಬರೆದೆ. ಬಿಷಪ್ ಆಫೀಸಿನವರು ನಮ್ಮ ಕಾಗದ ನೋಡಿ, ಬೇರೆ ಯಾರಾದರೂ ಬೇಕಾ ಎಂದು ಕೇಳಲೂ ಇಲ್ಲ. ಒಂದೇ ವಾರದಲ್ಲಿ ಆದೇಶ ಬಂತು.

ಒಂದು ವರ್ಷ ಎಂದದ್ದು ಒಂಬತ್ತು ವರ್ಷವಾಯಿತು. ಮುಂದಕ್ಕೆ ಹೋಗಿದ್ದ ಮದುವೆ ಮೊದಲ ತಿಂಗಳಲ್ಲೇ ನಡೆಯಿತು. ಬಿಳಿಗೆರೆ ಕಡೆಯ ಮಗು ದೀಕ್ಷಾಸ್ನಾನದ ಹೊತ್ತಿನಲ್ಲಿ ಅಯ್ಯನವರ ಬೆರಳು ಕಚ್ಚಿತು. ಅವರು ಕೈ ಬಿಡಿಸಿಕೊಳ್ಳದೆ ಪ್ರಾರ್ಥನೆ ಮುಗಿಸಿದ್ದನ್ನು ಆ ಊರಿನವರು ಇವತ್ತಿಗೂ ಹೇಳುತ್ತಾರೆ. ಅಜ್ಜಿ ಇನ್ನೂ ಎರಡು ವರ್ಷ ಬದುಕಿ, ತಿಂಗಳು ತಿಂಗಳೂ ರೊಟ್ಟಿ ತಗೊಂಡೇ ಹೋದಳು. ಯಾವ ಚರ್ಚೂ ಮುಚ್ಚಲಿಲ್ಲ.

ಶನಿವಾರ ಸಾಯಂಕಾಲ ಅಯ್ಯನವರ ಮನೆಯ ಜಗುಲಿಯಲ್ಲಿ ಇಬ್ಬರೂ ಕೂರುತ್ತಿದ್ದರು. ಬರೆದದ್ದನ್ನು ಉಪದೇಶಿಗಳು ಬೆರಳಿಟ್ಟುಕೊಂಡು ಓದಿ ನೋಡುವರು. ಮರುದಿನ ಅಯ್ಯನವರು ಪಕ್ಕದ ಕುರ್ಚಿಯಲ್ಲಿ ಕೂತರೆ ಇವರು ನಿಂತು ಓದುವರು. ಅಯ್ಯನವರ ‘ಹೃದಯ’ ಇವರ ಬಾಯಲ್ಲಿ ‘ರುದಯ’ ಆಗುತ್ತಿತ್ತು. ಒಂದೊಂದು ಸಲ ಕಾಗದ ಪಕ್ಕಕ್ಕಿಟ್ಟು, ತಪ್ಪಿಸಿಕೊಂಡ ತಮ್ಮ ಎಮ್ಮೆಯನ್ನು ಹುಡುಕಿದ ಕತೆ ಸೇರಿಸಿಬಿಡುವರು. ಅದು ಅಯ್ಯನವರು ಬರೆದದ್ದಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅಯ್ಯನವರು ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ನಮ್ಮ ಹಿರಿಯರು ಮೊದಮೊದಲು ಮುಖ ಹಿಂಡುತ್ತಿದ್ದವರು, ಆಮೇಲೆ ಎಮ್ಮೆಯ ಕತೆ ಬಾರದ ಭಾನುವಾರ ಯಾಕೆ ಬರಲಿಲ್ಲ ಎಂದು ವಿಚಾರಿಸುತ್ತಿದ್ದರು.

ಒಂದು ಭಾನುವಾರ ಪ್ರಭುಭೋಜನದ ಬಟ್ಟಲುಗಳನ್ನು ತೊಳೆಯುತ್ತಿದ್ದಾಗ ನಾನು ಉಪದೇಶಿಗಳನ್ನು ಕೇಳಿದೆ, ನಿಮಗೇ ಪಾದ್ರಿಯಾಗಬೇಕು ಅಂತ ಆಸೆ ಇರಲಿಲ್ಲವೇ ಎಂದು. ಅವರು ಓದಿದ್ದು ಏಳನೆಯ ಕ್ಲಾಸು. ಬಟ್ಟಲನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮೆತ್ತಗೆ ಇಟ್ಟರು.

“ಇತ್ತು ಕಣಮ್ಮ. ಇಲ್ದೆ ಏನು… ವಯಸ್ನಾಗೆ ಭಾಳ ಇತ್ತು. ಕೇಳೂ ಕೇಳ್ದೆ. ಓದು ಸಾಲ್ದು ಅಂದ್ರು.” ಒರೆಸುವ ಬಟ್ಟೆ ಮಡಿಚಿಕೊಳ್ಳುತ್ತ, “ಇವ್ರ್ನೂ ಬ್ಯಾಡ ಅಂದಿದ್ರಲ್ಲ, ಅದ್ಕೇ ಇವ್ರ್ನ ಬಿಡಕ್ಕೆ ಆಗ್ನಿಲ್ಲ,” ಎಂದರು. ಮುಖದಲ್ಲಿ ಕಹಿಯೇನೂ ಇರಲಿಲ್ಲ. ಮುಂದಿನ ಬಟ್ಟಲು ಕೈಗೆತ್ತಿಕೊಂಡರು.

ಒಂಬತ್ತನೆಯ ವರ್ಷ, ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ಕಾಲದಲ್ಲಿ ಉಪದೇಶಿಗಳ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರು. ಕೊನೆಯ ಎರಡು ದಿನ ದನಿಯೇ ಹೊರಡಲಿಲ್ಲ. ಅಯ್ಯನವರು ಮಂಚದ ಪಕ್ಕದ ಸ್ಟೂಲಿನಿಂದ ಏಳಲಿಲ್ಲ. ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಉಪದೇಶಿಗಳು ಹೋಗಿಬಿಟ್ಟರು…

ಮಣ್ಣು ಮಾಡಿದ್ದು ಅವರ ಊರಿನಲ್ಲೇ. ನಾಲ್ಕೂ ಸಭೆಯವರು ಬಂದಿದ್ದರು. ಚರ್ಚಿಗೆ ಕಾಲಿಡದ ಊರವರೂ ಗದ್ದೆ ಕೆಲಸ ಬಿಟ್ಟು ಬಂದು ನಿಂತಿದ್ದರು. ಪ್ರಸಂಗಕ್ಕೆ ಮೈಸೂರಿನಿಂದ ಒಬ್ಬರನ್ನು ಕರೆಸೋಣ ಎಂದು ನಾನು ಕೇಳಿದ್ದೆ. ಅಯ್ಯನವರು ಬೇಡ ಎಂದು ಕೈಯಾಡಿಸಿದ್ದರು. ಕಾಗದವಿಲ್ಲದೆ ನಿಂತರು. ಮೊದಲ ಮಾತಿಗೇ ಬಹಳ ಹೊತ್ತಾಯಿತು. ಬಿಸಿಲಿತ್ತು. ಯಾರೂ ಅಲುಗಾಡಲಿಲ್ಲ, ಮಕ್ಕಳೂ ನಗಲಿಲ್ಲ. ಅವರು ಹೇಳಿದ್ದು ಎಲ್ಲ ಸೇರಿ ಮೂರು ನಾಲ್ಕು ಮಾತು.

“ಜನ ನನ್ನ ಮಾ… ಮಾತನ್ನ ತಾವೇ ಮುಗಿಸಿಬಿಡ್ತಾರೆ. ಪ್ರೀತಿಯಿಂದಲೇ. ಇವರು ಒಂಬತ್ತು ವರ್ಷದಲ್ಲಿ ಒಂದು ಸಲಾನೂ ಮು… ಮುಗಿಸಲಿಲ್ಲ. ಕಾದರು.”

ನಾನು ನೆಲ ನೋಡಿಕೊಂಡು ನಿಂತಿದ್ದೆ.

ಮುಂದಿನ ಭಾನುವಾರದಿಂದ ಪ್ರಸಂಗವನ್ನು ಅಯ್ಯನವರೇ ಮಾಡಿದರು. ಹತ್ತು ನಿಮಿಷದ್ದು ಅರ್ಧ ಗಂಟೆಯಾಗುತ್ತಿತ್ತು. ಜನ ಕೂತು ಕೇಳಿದರು. ಇನ್ನೂ ಹತ್ತು ಹನ್ನೆರಡು ವರ್ಷ ನಮ್ಮಲ್ಲೇ ಇದ್ದು, ಮೊನ್ನೆ ಮೊನ್ನೆ ನಿವೃತ್ತರಾದರು. ಊಟಿಯ ಕಡೆ ತಂಗಿಯ ಮನೆಯಲ್ಲಿದ್ದಾರೆ. ಆಗಾಗ ನನಗೆ ಫೋನು ಮಾಡುತ್ತಾರೆ. ಇಬ್ಬರಿಗೂ ಅವಸರವಿಲ್ಲ.

ಹಾಗಾಗಿ ಈಗ ಮತ್ತೆ ಹೊಸ ಅಯ್ಯನವರ ಹುಡುಕಾಟ. ಈಗಿನ ಕಾರ್ಯದರ್ಶಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಚುರುಕಾಗಿದ್ದಾಳೆ. ಎಂಥವರು ಬೇಕು ಎಂದು ಮೊಬೈಲಿನಲ್ಲೇ ಎಲ್ಲರ ಅಭಿಪ್ರಾಯ ಕೇಳಿದ್ದಾಳೆ. ಚೆನ್ನಾಗಿ ಮಾತಾಡುವವರು ಎಂದು ಬಹಳ ಮಂದಿ ಬರೆದಿದ್ದಾರೆ. ತಪ್ಪೇನಿಲ್ಲ. ಬರುವ ಭಾನುವಾರ ಒಬ್ಬರು ಬರುತ್ತಿದ್ದಾರಂತೆ, ವಯಸ್ಸು ಚಿಕ್ಕದು, ಇದೇ ಮೊದಲ ಸಭೆ. ಅವರನ್ನು ಹಳ್ಳಿಗಳಿಗೆ ಕರೆದುಕೊಂಡು ಹೋಗಿ ತೋರಿಸುವವರು ಯಾರಿದ್ದೀರಿ ಎಂದು ಅವಳು ಆರಾಧನೆ ಮುಗಿದ ಮೇಲೆ ಕೇಳಿದಳು. ಒಂದು ಗಳಿಗೆ ಯಾರೂ ಏಳಲಿಲ್ಲ. ಆ ಕೆಲಸಕ್ಕೆ ಇದ್ದವರು ಒಬ್ಬರೇ… ಅವರು ಹೋಗಿ ಇಷ್ಟು ವರ್ಷವಾಯಿತು.

ನನಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಎತ್ತರ. ಆದರೂ ನನ್ನ ಹೆಸರು ಬರೆದುಕೋ ಎಂದೆ.