ಡೊಂಬಿವಲಿಗೆ ಮಾತ್ರ ಇಂಡೆಕ್ಸ್

ಪರದೆಯ ಮೇಲೆ ಚಕ್ರ ತಿರುಗತೊಡಗಿದರೆ ನಮ್ಮ ಬಾಸ್ ಕನ್ನಡಕ ತೆಗೆದು ಒರೆಸಲು ಶುರುಮಾಡುತ್ತಾರೆ. ಅವತ್ತು ವಾಗ್ಳೆ ಎಸ್ಟೇಟಿನ ನಮ್ಮ ಆಫೀಸಿನಲ್ಲಿ ಹೋಟೆಲ್ ಮಾಲೀಕ ಶೆಟ್ರೆದುರು ನಮ್ಮ ಆರ್ಡರ್ ಸಾಫ್ಟ್‌ವೇರಿನ ಡೆಮೊ. ಅವರು ಒಪ್ಪಿದರಷ್ಟೇ ಕಾಂಟ್ರಾಕ್ಟ್. ತಮ್ಮ ಹೋಟೆಲಿನ ಡೊಂಬಿವಲಿ ಶಾಖೆಯ ಹಳೆಯ ಆರ್ಡರೊಂದನ್ನು ತೋರಿಸಲು ಕೇಳಿದ್ದರು.

“ಎಂತ ಮಾರಾಯ್ರೆ, ಚಾ ತಣಿಯಿತು, ನಿಮ್ಮ ಕಂಪ್ಯೂಟರ್ ಇನ್ನೂ ಹುಡುಕ್ತಾ ಉಂಟಲ್ಲ!”

“ನೆಟ್‌ವರ್ಕ್ ಸ್ಲೋ, ಸರ್,” ಎಂದರು ಬಾಸ್.

ಪಾಪ, ನೆಟ್‌ವರ್ಕ್ ಏನೂ ಮಾಡಿರಲಿಲ್ಲ. ನಮ್ಮ ಡೇಟಾಬೇಸಿನಲ್ಲಿ ಆರ್ಡರುಗಳಿಗೆ ಒಂದು ತಾಯಿ ಟೇಬಲ್, ಅದರಡಿ ಶಾಖೆಗೊಂದು ಮಗು ಟೇಬಲ್. ಬೇಗ ಹುಡುಕಲು ಬೇಕಾದ ಇಂಡೆಕ್ಸನ್ನು ಬಾಸ್ ತಾಯಿಗಷ್ಟೇ ಹಾಕಿದ್ದರು. ಕಾಲಂಗಳೆಲ್ಲ ಮಕ್ಕಳಿಗೆ ಇಳಿದು ಬರುತ್ತವೆ, ಇಂಡೆಕ್ಸ್ ಬರುವುದಿಲ್ಲ. ಹಾಗಾಗಿ ಕಂಪ್ಯೂಟರು ಎಲ್ಲ ಶಾಖೆಗಳನ್ನೂ ಮೊದಲಿಂದ ಕೊನೆಯವರೆಗೆ ಓದುತ್ತಿತ್ತು. ಇದನ್ನು ಶೆಟ್ರೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ಮೂಲೆಯಲ್ಲೇ ಕೂತು ಡೊಂಬಿವಲಿ ಟೇಬಲಿಗೊಂದು ಇಂಡೆಕ್ಸ್ ಹಾಕಿ, ಅದೊಂದರಲ್ಲೇ ಹುಡುಕುವಂತೆ ಕ್ವೆರಿಯನ್ನು, ಅಂದರೆ ಹುಡುಕುವ ಆದೇಶವನ್ನು, ತಿದ್ದಿದೆ.

“ಮತ್ತೊಮ್ಮೆ ಒತ್ತಿ ಸರ್,” ಎಂದು ಪಿಸುಗುಟ್ಟಿದೆ. ಬಾಸ್ ಬೆರಳು ತೆಗೆಯುವಷ್ಟರಲ್ಲಿ ಆರ್ಡರ್ ಬಂತು.

“ನೋಡಿದ್ರಾ ಸ್ಪೀಡು? ಡಿಸೈನ್ ಪೂರ್ತಿ ನಂದೇ!” ಎಂದು ಬೀಗಿದರು.

ಶೆಟ್ರು ಖುಷಿಯಿಂದ ನನ್ನತ್ತ ತಿರುಗಿದರು. “ಭಾರಿ ಲಾಯಕ್ಕುಂಟು ಮಗಳೇ. ಹಾಗೇ ನಮ್ಮ ಬದಲಾಪುರ ಬ್ರಾಂಚಿದ್ದೂ ಒಂದು ತೋರ್ಸು, ನೋಡುವ.”