ಬೆಲ್ಲದ ಮಿದುಳು

“ಇವನ ಕೈಯಾಗಿನ ತುಂಬಿದ ಚೊಂಬು ಬಚ್ಚಲದಿಂದ ಪಡಸಾಲಿ ಮುಟ್ಟಂಗಿಲ್ಲ, ಇವ ಡಾಕ್ಟರಕಿ ಓದ್ತಾನಂತ!” ಎಂದವರು ನಮ್ಮ ದೊಡ್ಡಪ್ಪ ಬಸಲಿಂಗಪ್ಪನವರು. ಮಾತು ಕಟು, ಆದರೆ ಸುಳ್ಳಲ್ಲ. ಕಂಪ್ಲಿಯ ನಮ್ಮ ಮನೆಯಲ್ಲಿ ನಾನು ನೀರು ತಂದ ದಾರಿಯನ್ನು ನೆಲ ನೋಡಿಯೇ ಹೇಳಬಹುದಿತ್ತು. ಅಂಥ ನನಗೆ, ಮಿತ್ರರೇ, ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಕಗ್ಗಂಟಾಗಿ ಕೂತದ್ದು ಮಿದುಳಿನ ಯಾವ ಭಾಗ ಬಲ್ಲಿರಾ? ಚೊಂಬು ಎತ್ತುವ ಮುನ್ನ ಎತ್ತುವ ಬಗೆಯನ್ನು ಹವಣಿಸುವ ಭಾಗ! ತನ್ನಲ್ಲಿಲ್ಲದ ಊರಿಗೆ ನಕಾಶೆ ಬರೆಯಬೇಕಾದವನ ಪಾಡು ನನ್ನದು.

ಒಮ್ಮೆ ನಪಾಸಾದೆ. ಇನ್ನೊಮ್ಮೆ ಆದರೆ ಓದು ಬಿಟ್ಟು ಮೆಟ್ರಿಯಲ್ಲಿದ್ದ ನಮ್ಮ ಹೊಲದ ಕಬ್ಬಿಗೆ ನೀರು ಹಾಯಿಸಬೇಕೆಂದು ದೊಡ್ಡಪ್ಪನವರ ಆಜ್ಞೆಯಾಯಿತು. ಆ ರಜೆಯಲ್ಲಿ ಗಾಣದಿಂದ ತಂದ ಬೆಲ್ಲದ ಮುದ್ದೆಯನ್ನು ಮಿದುಳಿನಂತೆ ಕೆತ್ತಿ, ಸುಣ್ಣ ಸಿಗದೆ ವಿಭೂತಿಯಿಂದ ಗಡಿ ಎಳೆದೆ. ನಡುವಿನ ಸೀಳಿನ ಮುಂದೆ ಅಂಗಾಂಗಗಳಿಗೆ ಹುಕುಂ ಕೊಡುವ ಪಟ್ಟಿ. ಅದರ ಮುಂದೆ ಹವಣಿಕೆಯ ವಲಯ. ಅದರಾಚೆ ಕಣ್ಣು ಹೊರಳಿಸುವ ತುಣುಕು. ಹವಣಿಕೆಯದು ಒಂದೇ ಹೊಲವೋ, ಹಲವು ಮಡಿಗಳೋ ಎಂದು ಪಂಡಿತರೇ ಜಗಳವಾಡುತ್ತಿದ್ದ ಕಾಲವದು; ನಾನು ಮಾತ್ರ ಧಾರಾಳವಾಗಿ ಬದು ಹಾಕಿ, ಇರುವೆ ಹತ್ತದಿರಲೆಂದು ಗೋಡೆಗೂಡಿನ ದೇವರ ಮಾಡದಲ್ಲಿಟ್ಟು ಹೊಳೆಗೆ ಸ್ನಾನಕ್ಕೆ ಹೋದೆ.

ಅಂದು ಸೋಮವಾರ. ವಿಭೂತಿ ಧರಿಸಿ ಮಾಡದಲ್ಲಿ ಕೂತ ಬೆಲ್ಲಕ್ಕೆ ಚಿಕ್ಕವ್ವ ಪತ್ರಿ ಏರಿಸಿ, ಕೈಮುಗಿದು, ಒಡೆದು ಪ್ರಸಾದ ಹಂಚಿಬಿಟ್ಟಿದ್ದಳು.

“ನನ್ನ ಮಿದುಳೆಲ್ಲಿ?” ಎಂದು ಕೂಗಿದೆ.

“ನೀ ಹುಟ್ಟಿದಾಗಿಂದ ನಾವೂ ಅದನ್ನ ಹುಡಕಾಕತ್ತೀವಲೇ,” ಎಂದರು ದೊಡ್ಡಪ್ಪ, ಬೆಲ್ಲ ಚೀಪುತ್ತ.

“ಶಿವನ ಪ್ರಸಾದಕ್ಕ ಮಿದುಳು ಅನಬ್ಯಾಡಪ್ಪ,” ಎಂದು ಚಿಕ್ಕವ್ವ ಗಲ್ಲ ಬಡಿದುಕೊಂಡಳು.

ಅಳು ನುಂಗಿ, ಯಾರ ಪಾಲಿಗೆ ಯಾವ ತುಂಡು ಹೋಯಿತೆಂದು ವಿಚಾರಣೆ ನಡೆಸಿದೆ. ಹುಕುಮಿನ ಪಟ್ಟಿ ದೊಡ್ಡಪ್ಪನವರ ಬಾಯಲ್ಲಿತ್ತು, ಇನ್ನೆಲ್ಲಿರಲು ಸಾಧ್ಯ? ಕಣ್ಣಿನ ತುಣುಕು ಪಕ್ಕದ ಮನೆ ಗಂಗವ್ವನಿಗೆ, ತನ್ನ ಅಂಗಳದಲ್ಲಿ ಕೂತೇ ನಮ್ಮ ಒಲೆಯ ಮೇಲಿನ ಸಾರು ಕಾಣಬಲ್ಲವಳಿಗೆ. ಹವಣಿಕೆಯ ವಲಯ ಚಿಕ್ಕವ್ವನಿಗೆ. ಕೊಡಕ್ಕೆ ಕೈ ಹಾಕುವ ಮೊದಲೇ ದಾರಿಯ ಬೆಕ್ಕನ್ನು ಓಡಿಸಿ, ಸೆರಗು ಸಿಕ್ಕಿಸಿ, ಇಳಿಸುವ ಜಾಗದಲ್ಲಿ ಸಿಂಬಿಯನ್ನೂ ಇಟ್ಟು ಬರುವವಳು ಅವಳು.

ರಜೆ ಮುಗಿದು ಮದರಾಸಿಗೆ ಮರಳಿದಾಗ ಪರೀಕ್ಷಕರು ಅದೇ ಭಾಗವನ್ನು ಕೇಳಿದರು. ಓದಿದ್ದೆಲ್ಲ ನನ್ನ ಚೊಂಬಿನ ನೀರಿನಂತೆ ಚೆಲ್ಲಿಹೋಯಿತು. ಆಗ ಕಣ್ಣ ಮುಂದೆ ನಮ್ಮ ಪಡಸಾಲೆ ತೆರೆಯಿತು: ಹುಕುಂ, ಅದರ ಮುಂದೆ ಹವಣಿಕೆ, ಅದರಾಚೆ ಕಣ್ಣು. ಗಡಿಗಳನ್ನೆಲ್ಲ ಸರಾಗ ಹೇಳಿದೆ; ತಿಂದವರ ಹೆಸರು ಮಾತ್ರ ಬಿಟ್ಟೆ. ನಕಾಶೆ ನನ್ನ ತಲೆಗೆ ಇಳಿಯಲು ಮನೆಯವರ ಹೊಟ್ಟೆಗೆ ಇಳಿಯಬೇಕಾಗಿತ್ತು. ಹೆಬ್ಬೆಟ್ಟಿನ ಮನೆತನದಲ್ಲಿ ಮೊದಲ ಪದವಿ ಒಂದೇ ತಲೆಯಿಂದ ಆಗುವ ಕೆಲಸವಲ್ಲವೇನೋ.

ಪದವಿಪತ್ರವನ್ನು ಹೊಸಪೇಟೆ ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ, ತುಂಬಿದ ಚೊಂಬಿನಂತೆ ಎರಡೂ ಕೈಯಲ್ಲಿ ಹಿಡಿದು ತಂದೆ. ಹೊಸ್ತಿಲಲ್ಲಿ ನಿಂತಿದ್ದ ದೊಡ್ಡಪ್ಪನವರಿಗೆ ಕೊಟ್ಟೆ. ಅವರು ಧೋತರದ ಚುಂಗಿಗೆ ಕೈ ಒರೆಸಿ ತೆಗೆದುಕೊಂಡರು. ಅಕ್ಷರ ಬಾರದವರು ಅದರ ನಾಲ್ಕೂ ಅಂಚು ತಡವಿ ನೋಡಿದರು.

“ಒಂದು ಹನಿ ಚೆಲ್ಲದಂಗ ಮನಿ ಮುಟ್ಟಿಸಿದೆಲ್ಲಲೇ,” ಎಂದರು ಕಡೆಗೆ. “ಒಳಗ ಬಾ, ಕುಂದ್ರು. ನೀರು ಮಾತ್ರ ನಾನ ತರತೀನಿ.”